ಬರ್ತೀಯಾ, ಬರಲ್ವಾ?

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದ ಅಕ್ಕನ ಮಗಳು ರಾತ್ರಿ ಹನ್ನೊಂದಕ್ಕೆ ಕೂತು, ಬಂದ ಮೇಲ್‌ಗಳನ್ನೆಲ್ಲ ತೆರೆದು, ಒಳಗಿನ ಲಿಂಕ್‌ಗಳನ್ನು ಒಂದೂ ಬಿಡದೆ ಒತ್ತುತ್ತಿದ್ದಳು. ಓದುತ್ತಿರಲಿಲ್ಲ. 'ತೆರೆದಿದ್ದು ಅವರಿಗೆ ಗೊತ್ತಾಗತ್ತೆ ಮಾಮ' ಎಂದಳು. ನನಗೆ ನಗು ಬಂತು. ಆದರೆ ಅವಳು ಹೇಳಿದ್ದು ಸರಿ. ಅಲ್ಲಿನ ಅನೇಕ ಪ್ರವೇಶ ಕಚೇರಿಗಳು ಬಳಸುವ 'ಸ್ಲೇಟ್' ಎಂಬ ತಂತ್ರಾಂಶದಲ್ಲಿ ಮೇಲ್ ತೆರೆದದ್ದು, ಲಿಂಕ್ ಒತ್ತಿದ್ದು ಎಲ್ಲ ದಾಖಲಾಗುತ್ತದೆ.

ಇದಕ್ಕೆ ಅಲ್ಲಿಯವರು 'ಡೆಮಾನ್‌ಸ್ಟ್ರೇಟೆಡ್ ಇಂಟರೆಸ್ಟ್' ಎನ್ನುತ್ತಾರೆ. ಹೆಸರು ಆಸಕ್ತಿಯದ್ದು, ಲೆಕ್ಕ ಸೀಟಿನದ್ದು. ಸಾವಿರ ಸೀಟು ತುಂಬಬೇಕು. ಕರೆದವರಲ್ಲಿ ಕಾಲುಭಾಗ ಮಾತ್ರ ಬರುವುದಾದರೆ ನಾಲ್ಕು ಸಾವಿರ ಮಂದಿಯನ್ನು ಕರೆಯಬೇಕು. ಲೆಕ್ಕ ತಪ್ಪಿದರೆ ಒಂದೋ ಹಾಸ್ಟೆಲ್ ಸಾಲದು, ಇಲ್ಲವೇ ಫೀಸು ಸಾಲದು. ಹಾಗಾಗಿ ಸೀರೆ ಬಿಚ್ಚುವ ಮೊದಲೇ ಗಿರಾಕಿಯ ಮುಖ ಅಳೆಯುವ ಜವಳಿ ಅಂಗಡಿಯವನ ಹಾಗೆ ಕಾಲೇಜೂ ಅಳೆಯುತ್ತದೆ. ಹಾರ್ವರ್ಡ್‌ಗೆ ಆ ಚಿಂತೆಯಿಲ್ಲ, ಅಲ್ಲಿ ಕರೆದ ಐವರಲ್ಲಿ ನಾಲ್ವರು ಬಂದೇ ಬರುತ್ತಾರೆ. ಸ್ಟ್ಯಾನ್‌ಫರ್ಡ್, ಎಂಐಟಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳೂ ಈ ಆಸಕ್ತಿಯನ್ನು ಗಣಿಸುವುದಿಲ್ಲ. ಚಿಂತೆಯೆಲ್ಲ ಅವುಗಳ ಕೆಳಗಿನ ಮೆಟ್ಟಿಲಿನ ಖಾಸಗಿ ಕಾಲೇಜುಗಳದ್ದು.

ಅಲ್ಲಿ ಆಸಕ್ತಿಗೆ ನಿಜಕ್ಕೂ ಬೆಲೆಯಿದೆ. ಲೀಹೈ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಪ್ರವೇಶದ ದಾಖಲೆಗಳನ್ನು ಜಾಲಾಡಿ, ಕಾಲೇಜಿಗೆ ಖುದ್ದು ಬಂದುಹೋದವರಿಗೆ ಸೀಟು ಸಿಗುವ ಸಾಧ್ಯತೆ ಹೆಚ್ಚು, ಅದರಲ್ಲೂ ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ಚೆನ್ನಾಗಿರುವವರಿಗೆ ಇನ್ನೂ ಹೆಚ್ಚು ಎಂದು ಕಂಡುಕೊಂಡರು. ನನ್ನ ತಕರಾರು ಇಲ್ಲೇ. ಖುದ್ದು ಬರುವುದಕ್ಕೆ ವಿಮಾನದ ಟಿಕೆಟ್ ಬೇಕು, ಅಪ್ಪನಿಗೆ ರಜೆ ಬೇಕು. ಎಲ್ಲಕ್ಕಿಂತ ಗಟ್ಟಿಯಾದ ಆಸಕ್ತಿ 'ಅರ್ಲಿ ಡಿಸಿಷನ್': ಕರೆದರೆ ಬಂದೇ ಬರುತ್ತೇನೆಂದು ನವೆಂಬರಿನಲ್ಲೇ ಬರೆದುಕೊಡುವುದು. ಯಾವ ಕಾಲೇಜು ಎಷ್ಟು ನೆರವು ಕೊಡುತ್ತದೆಂದು ಹೋಲಿಸಿ ನೋಡಲೇಬೇಕಾದ ಮನೆಯ ಮಗು ಹಾಗೆ ಹೇಗೆ ಬರೆದುಕೊಟ್ಟೀತು? ಅಳೆಯುತ್ತಿರುವುದು ಒಲವನ್ನೋ, ಜೇಬನ್ನೋ?

ನಮ್ಮ ಸಿಇಟಿಯಲ್ಲೂ ಮಕ್ಕಳ ಆಸಕ್ತಿಯನ್ನು ಕೇಳುತ್ತಾರೆ, ಆಪ್ಷನ್ ಎಂಟ್ರಿಯಲ್ಲಿ. ಆದರೆ ಅಲ್ಲಿ ಬರೆದ ಕ್ರಮ ಕಾಲೇಜಿನ ಅನುಕೂಲಕ್ಕಲ್ಲ, ಮಗುವಿನ ಅನುಕೂಲಕ್ಕೆ. ರ‍್ಯಾಂಕ್ ಎಟುಕುವ ಕಾಲೇಜುಗಳಲ್ಲಿ ಪಟ್ಟಿಯ ಮೇಲಿನದ್ದು ಸಿಗುತ್ತದೆ. ಆ ಪದ್ಧತಿಗೆ ನೂರು ಹುಳುಕಿರಬಹುದು, ಈ ಒಂದು ವಿಷಯದಲ್ಲಿ ಅದೇ ಮೇಲು.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಆಸಕ್ತಿ ಅಳೆಯುವ ಈ ಲೆಕ್ಕವನ್ನು ಕೈಬಿಟ್ಟಿತು. ಉಳಿದವು ಬಿಡುವವರೆಗೆ ಅರ್ಜಿ ಹಾಕುವವರು ಒಂದು ಕೆಲಸ ಮಾಡಿ: ಹಲವು ಕಾಲೇಜುಗಳು 'ಕಾಮನ್ ಡೇಟಾ ಸೆಟ್' ಎಂಬ ಕಡತವನ್ನು ಪ್ರಕಟಿಸುತ್ತವೆ, ಅದರ ಸಿ7 ಕೋಷ್ಟಕದಲ್ಲಿ ಅರ್ಜಿದಾರರ ಆಸಕ್ತಿಯ ಸಾಲು ಹುಡುಕಿ. ಅಲ್ಲಿ 'ಪರಿಗಣಿಸುವುದಿಲ್ಲ' ಎಂದಿದ್ದರೆ ಆ ಕಾಲೇಜಿನ ಮೇಲ್‌ಗಳನ್ನು ತೆರೆಯದೆ ನಿದ್ದೆ ಮಾಡಿ.