ಮಾಲ್ಗುಡಿಯ ಚಿತ್ರಮಾಲೆ ಮತ್ತು ನರಸಾಪುರದ ಪ್ರೇಕ್ಷಕರು

ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಅನಂತರ ಡಿವಿಡಿಯ ರೂಪದಲ್ಲಿ ಮನೆಗಳಿಗೆ ಬಂದಿತು. ಅದನ್ನು ಮರಳಿ ನೋಡಿದವರು ಬಹುಮಟ್ಟಿಗೆ ಆಡುವ ಮಾತು, “ನಮ್ಮೂರೂ ಹೀಗೇ ಇತ್ತು” ಎಂಬುದು. ಕೋಲಾರ ಸೀಮೆಯ ನರಸಾಪುರದಲ್ಲಿಯೂ ನಾವು ಇದನ್ನೇ ಕೇಳಿದ್ದೇವೆ.

ಚರಿತ್ರೆಯ ದೃಷ್ಟಿಯಿಂದ ಈ ಅಭಿಪ್ರಾಯ ನಿಲ್ಲತಕ್ಕುದಲ್ಲ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ ಪ್ರಕಟವಾದುದು 1935ರಲ್ಲಿ. ಅದರ ಊರು ಕಲ್ಪಿತವಾದುದು. ತೆರೆಯ ಮೇಲೆ ಕಾಣುವುದಾದರೋ ಅರ್ಧ ಶತಮಾನದ ತರುವಾಯದ ಆಗುಂಬೆ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕು ಮಳೆ; ಕೋಲಾರಕ್ಕೆ ಸುಮಾರು ಅದರ ಹತ್ತನೆಯ ಒಂದು ಪಾಲು. ಇಳಿಜಾರಾದ ಹೆಂಚಿನ ಮಾಡೂ ಹಸುರು ಬೆಟ್ಟವೂ ಕೆರೆಯನ್ನು ನಂಬಿ ಬಾಳಿದ ಬಯಲುಸೀಮೆಯ ಊರಿನ ಲಕ್ಷಣಗಳಲ್ಲ. ಪಾತ್ರಗಳು ಆಡುವ ನುಡಿಯೋ ಹಿಂದಿ! ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿಯವರಂಥ ಕನ್ನಡ ಕಲಾವಿದರಿರುವ ಕೃತಿಯಲ್ಲಿ ಇದನ್ನು ಯಾರೂ ಆಕ್ಷೇಪಿಸದಿರುವುದು ನಮಗೆ ಸೋಜಿಗವೆನಿಸುತ್ತದೆ.

ಆದರೂ ಆ ಮಾತನ್ನು ತಳ್ಳಿಹಾಕಲಾಗದು. ನರಸಾಪುರದ ಹೊಲಗಳಿದ್ದೆಡೆ ಇಂದು ಕೈಗಾರಿಕಾ ಪ್ರದೇಶವಿದೆ. ಹೋಂಡಾ ಕಾರ್ಖಾನೆ ಅಲ್ಲಿ 2013ರಲ್ಲಿ ಕೆಲಸಕ್ಕೆ ತೊಡಗಿತು. ಹೊಲವನ್ನು ಬಿಟ್ಟುಕೊಟ್ಟವರಿಗೆ ಆ ಚಿತ್ರದಲ್ಲಿ ಕಾಣುವುದು ಜಗುಲಿಯ ಹರಟೆ, ಬರಿಗಾಲಿನ ಹುಡುಗರು, ಯಾರಿಗೂ ಅವಸರವಿಲ್ಲದ ಹಗಲು. ಇದು 1935ಕ್ಕೆ ಸಾಕ್ಷ್ಯವಾಗದು. ನೋಡಿದವರ ಕಾಲಕ್ಕೆ ಪ್ರಬಲವಾದ ಸಾಕ್ಷ್ಯವಾಗುತ್ತದೆ. ಇಂಥ ಅಭಿಪ್ರಾಯಗಳನ್ನು ಸಂಗ್ರಹಿಸುವ ನಮ್ಮ ವಿದ್ಯಾರ್ಥಿಗಳು ಹೇಳಿದವರ ವಯಸ್ಸನ್ನೂ, ನೋಡಿದ ವರ್ಷವನ್ನೂ, ಆಗ ಅವರಿಗೆ ಹೊಲವಿತ್ತೇ ಇಲ್ಲವೇ ಎಂಬುದನ್ನೂ ಜೊತೆಗೇ ಬರೆದಿಡತಕ್ಕದ್ದು.