ಟಿಪ್ಪುವಿನವೆನ್ನುವ ಆಯುಧಗಳ ಪ್ರಾಮಾಣ್ಯವಿಚಾರ

ಕ್ರಿ. ಶ. 1799ನೆಯ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಶತ್ರುವಶವಾಗಿ ಟಿಪ್ಪು ಸುಲ್ತಾನನು ರಣದಲ್ಲಿ ಮಡಿದ ಮೇಲೆ, ಪಟ್ಟಣವು ಸೈನಿಕರ ಸೂರೆಗೆ ಈಡಾಯಿತು. ಅನಂತರ ಕೊಳ್ಳೆಯನ್ನು ಹಂಚುವುದಕ್ಕಾಗಿ ಒಂದು ಸಮಿತಿಯು ಏರ್ಪಟ್ಟಿತು. ಸಮಿತಿಯ ಕೈಸೇರಿದ ಪದಾರ್ಥಗಳಿಗೆ ಲೆಕ್ಕವುಂಟು. ಅದಕ್ಕೆ ಮೊದಲೇ ಸೈನಿಕರ ಚೀಲಗಳನ್ನು ಸೇರಿದವುಗಳಿಗೆ ಲೆಕ್ಕವಿಲ್ಲ. ಈ ಲೆಕ್ಕವಿಲ್ಲದ ಭಾಗವೇ ಇನ್ನೂರು ವರ್ಷಗಳಿಗೂ ಮೀರಿ ಸಂಶಯಕ್ಕೆ ಬೀಜವಾಗಿದೆ. ಸುಲ್ತಾನನ ಶಯನಗೃಹದ ಖಡ್ಗವೆಂದು ಪ್ರಸಿದ್ಧವಾದುದು 2023ನೆಯ ಮೇ 23ರಂದು ಲಂಡನ್ನಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡುಗಳಷ್ಟು ಬೆಲೆಗೆ ಹರಾಜಾಯಿತು. ಬೆಲೆಯೇರಿದಲ್ಲಿ ಕೃತಕವೂ ಹೆಚ್ಚುವುದು ಲೋಕಸ್ವಭಾವವಾದುದರಿಂದ, ಇಂತಹ ಆಯುಧಗಳ ನೈಜತೆಯನ್ನು ನಿರ್ಣಯಿಸುವ ಕ್ರಮವಾವುದೆಂಬುದು ವಿಚಾರಾರ್ಹವಾಗಿದೆ.

ಸಾಮಾನ್ಯರು ಮೊದಲು ಹುಡುಕುವುದು ವ್ಯಾಘ್ರಚಿಹ್ನವನ್ನು. ಹುಲಿಯ ಪಟ್ಟೆಗಳು, ಹುಲಿಮೊಗದ ಹಿಡಿ, ‘ಅಸದುಲ್ಲಾ ಅಲ್‌ಗಾಲಿಬ್’ ಎಂಬ ಅಕ್ಷರಗಳನ್ನೇ ಹುಲಿಯ ಮುಖವಾಗಿ ಹೆಣೆದ ಲಿಪಿಚಿತ್ರ, ಇವು ಸುಲ್ತಾನನ ಕಾರ್ಖಾನೆಗಳ ಕೆಲಸದಲ್ಲಿ ಇದ್ದುದು ನಿರ್ವಿವಾದ. ಆದರೆ ‘ವ್ಯಾಘ್ರಚಿಹ್ನವಿರುವುದರಿಂದ ಇದು ಟಿಪ್ಪುವಿನದು’ ಎಂಬ ಅನುಮಾನದಲ್ಲಿ ಹೇತುವು ಸವ್ಯಭಿಚಾರವಾಗಿದೆ. ಚಿಹ್ನವು ನಿಜವಾದುದರಲ್ಲಿಯೂ ಉಂಟು, ಕೃತಕದಲ್ಲಿಯೂ ಉಂಟು. ಕೃತಕದಲ್ಲಿ ಅದು ತಪ್ಪದೆ ಇರುವುದು, ಏಕೆಂದರೆ ಕೊಳ್ಳುವವನು ಅದನ್ನೇ ಹುಡುಕುತ್ತಾನೆಂಬುದನ್ನು ಮಾಡುವವನು ಬಲ್ಲನು. ಕನ್ನಡ ವಿದ್ವಾಂಸರಿಗೆ ಈ ದೋಷವು ಹೊಸದಲ್ಲ. ‘ಕೂಡಲಸಂಗಮದೇವ’ ಎಂಬ ಅಂಕಿತವಿದ್ದ ಮಾತ್ರಕ್ಕೆ ವಚನವು ಬಸವಣ್ಣನವರದೆಂದು ಸಿದ್ಧಿಸದು. ಪ್ರಕ್ಷೇಪಕಾರನು ಎಲ್ಲಕ್ಕಿಂತ ಮೊದಲು ಎರವಲು ತರುವುದು ಅಂಕಿತವನ್ನೇ. ಆಯುಧದ ಹುಲಿಪಟ್ಟೆಯೂ ಅಂತಹ ಅಂಕಿತವೇ.

ಆದುದರಿಂದ ಪರೀಕ್ಷಕನು ಪ್ರಸಿದ್ಧವಾದ ಲಕ್ಷಣಗಳಿಗಿಂತ ಅಪ್ರಸಿದ್ಧವಾದವುಗಳಿಗೆ ಹೆಚ್ಚು ಗಮನವನ್ನು ಕೊಡತಕ್ಕುದು. ಸುಲ್ತಾನನು 1787ರ ಸುಮಾರಿಗೆ ಮೌಲೂದಿ ಎಂಬ ಹೊಸ ಶಕವನ್ನು ಬಳಕೆಗೆ ತಂದನು. ಅವನ ನಾಣ್ಯಗಳಲ್ಲಿ ಆ ಶಕದ ಅಂಕಿಗಳು ಬಲದಿಂದ ಎಡಕ್ಕೆ ಬರೆಯಲ್ಪಟ್ಟಿವೆ. ಈ ಪದ್ಧತಿಯನ್ನರಿಯದವನು ಕೆತ್ತಿದ ಕಾಲನಿರ್ದೇಶವು ಅವನ ಅಜ್ಞಾನವನ್ನು ತಾನೇ ಹೊರಗೆಡಹುವುದು. ಕೋವಿಗಳಲ್ಲಿಯಾದರೋ ಯಂತ್ರಭಾಗವೇ ಸಾಕ್ಷಿ. 1799ರಲ್ಲಿದ್ದುದು ಚಕಮಕಿ ಕಲ್ಲಿನ ಕೋವಿ. ಹೊಡೆತದಿಂದ ಸಿಡಿಯುವ ಮದ್ದಿನ ಕ್ರಮಕ್ಕೆ ಫಾರ್ಸಿತನು ಹಕ್ಕನ್ನು ಪಡೆದುದು 1807ರಲ್ಲಿ. ಕೇಪು ಅದಕ್ಕೂ ಈಚಿನದು. ಹಾಗೆಯೇ ಈಸ್ಟ್ ಇಂಡಿಯಾ ಕಂಪೆನಿಯ ಕೋವಿಗಳ ಮೇಲೆ ಮೊದಲಿದ್ದುದು ಹೃದಯಾಕಾರದ ಮುದ್ರೆ. 1808ರ ಸುಮಾರಿಗೆ ಅದರ ಸ್ಥಾನದಲ್ಲಿ ನಿಂತ ಸಿಂಹದ ಮುದ್ರೆಯು ಬಂದಿತು. ಸಿಂಹಮುದ್ರೆಯ ಕೋವಿಯೊಂದನ್ನು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬಳಸಿದುದೆಂದು ಹೇಳಿದರೆ ಆ ಮಾತು ಅಲ್ಲಿಯೇ ಬಾಧಿತವಾಗುವುದು.

ಆದರೆ ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಒಂದನೆಯದು: ಈಚಿನ ಭಾಗವೊಂದು ಸೇರಿದ ಮಾತ್ರಕ್ಕೆ ವಸ್ತುವೆಲ್ಲವೂ ಕೃತಕವೆನ್ನಲಾಗದು. ಹಳೆಯ ನಳಿಗೆಗೆ ಕೇಪಿನ ಯಂತ್ರವನ್ನು ಜೋಡಿಸಿ ಮತ್ತೆ ಬಳಸಿದುದುಂಟು. ನಾಲ್ಕು ಪದ್ಯಗಳು ಪ್ರಕ್ಷಿಪ್ತವಾದರೆ ಕಾವ್ಯವನ್ನೇ ತ್ಯಜಿಸುವವರಾರು? ಎರಡನೆಯದು: ‘ಇದು ಪ್ರಾಚೀನವೆ’, ‘ಇದು ಟಿಪ್ಪುವಿನ ಕಾರ್ಖಾನೆಯದೆ’, ‘ಇದನ್ನು ಟಿಪ್ಪುವೇ ಧರಿಸಿದ್ದನೆ’ ಎಂಬಿವು ಮೂರು ಬೇರೆ ಬೇರೆ ಸಾಧ್ಯಗಳು. ಲೋಹದ ಪರೀಕ್ಷೆಯು ಮೊದಲನೆಯದಕ್ಕೆ ನೆರವಾಗುವುದು. ಮುದ್ರೆ, ಶಕ, ಕೆಲಸದ ರೀತಿ ಇವು ಎರಡನೆಯದಕ್ಕೆ. ಮೂರನೆಯದನ್ನು ಲೋಹವಾಗಲಿ ಲಿಪಿಯಾಗಲಿ ಹೇಳಲಾರವು. ಅದಕ್ಕೆ ಆಪ್ತವಾಕ್ಯವೇ ಬೇಕು, ಎಂದರೆ ವಸ್ತುವು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಅವಿಚ್ಛಿನ್ನವಾದ ಲಿಖಿತ ಪರಂಪರೆ. ಮೇಲೆ ಹೇಳಿದ ಖಡ್ಗದ ಗೌರವವೂ, ಕೋಟೆಯ ಮೇಲಿನ ಲಗ್ಗೆಯ ನಾಯಕನಾದ ಡೇವಿಡ್ ಬೇರ್ಡನಿಗೆ ಸೈನ್ಯವು ಅದನ್ನು ಅರ್ಪಿಸಿತೆಂಬ ಪರಂಪರೆಯನ್ನು ಆಶ್ರಯಿಸಿದೆ. ಮಾರಾಟದ ವಿವರಣೆಗಳಲ್ಲಿ ಮೊದಲನೆಯದನ್ನು ಸಾಧಿಸಿ ಮೂರನೆಯದು ಸಿದ್ಧವಾಯಿತೆಂದು ತೋರಿಸುವ ಚಾತುರ್ಯವೇ ಹೆಚ್ಚಿನ ಭ್ರಾಂತಿಗಳ ಮೂಲ.

ಇದಕ್ಕೆ ಪ್ರತಿಯಾಗಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ದೊರೆತ ರಾಕೆಟ್ಟುಗಳನ್ನು ಪರಿಶೀಲಿಸಬಹುದು. ಹೈದರನು 1763ರಲ್ಲಿ ಗೆದ್ದು ಹೈದರನಗರವೆಂದು ಕರೆದ ಬಿದನೂರೇ ಈ ನಗರ. ಅಲ್ಲಿಯ ಹಾಳುಬಾವಿಯೊಂದರಲ್ಲಿ 2002ರಲ್ಲಿ ನೂರಕ್ಕೆ ಮೀರಿದ ಕಬ್ಬಿಣದ ಕೊಳವೆಗಳು ದೊರೆತುವು. ಅವು ರಾಕೆಟ್ಟುಗಳೆಂಬುದು ಕೆಲವು ವರ್ಷಗಳ ಮೇಲೆ ತಿಳಿಯಿತು. 2018ರಲ್ಲಿ ಪುರಾತತ್ತ್ವ ಇಲಾಖೆಯವರು ಬಾವಿಯನ್ನು ಅಗೆಯಲು ಸಾವಿರಕ್ಕೂ ಹೆಚ್ಚು ಹೊರಬಂದುವು. ಅವುಗಳಿಗೆ ಸಾಕ್ಷಿಯಾಗಿ ನಿಂತುದು ಹುಲಿಪಟ್ಟೆಯೂ ಅಲ್ಲ, ಚಿನ್ನದ ಲಿಪಿಯೂ ಅಲ್ಲ. ಅವು ತುಕ್ಕು ಹಿಡಿದ ಕೊಳವೆಗಳು ಮಾತ್ರ. ಆದರೂ ಅವುಗಳ ಪ್ರಾಮಾಣ್ಯವು ದೃಢವಾದುದು. ದೊರೆತ ಸ್ಥಳ, ಸುತ್ತಣ ಮಣ್ಣು, ಒಳಗಣ ಮದ್ದು, ಒಟ್ಟಿಗಿದ್ದ ಸಂಖ್ಯೆ, ಇವು ಪರಸ್ಪರ ನಿರಪೇಕ್ಷವಾದ ಸಾಕ್ಷಿಗಳಾಗಿದ್ದು ಒಂದೇ ಅರ್ಥವನ್ನು ನುಡಿಯುತ್ತವೆ. ಅವುಗಳನ್ನು ಬಾವಿಯಿಂದ ಒಂದೊಂದಾಗಿ ತೆಗೆದು, ಉಜ್ಜಿ, ಮಾರಿದ್ದರೆ ಇಂದು ಗುಜರಿಯ ಕಬ್ಬಿಣಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ.

ಸಂಗ್ರಾಹಕರು ಮರೆಯಬಾರದ ಸಂಗತಿ ಇದೇ. ಹೊಳಪಿಗಾಗಿ ತುಕ್ಕನ್ನು ತೊಳೆಯುವವನು, ದೊರೆತ ಸ್ಥಳವನ್ನು ಬರೆದಿಡದವನು, ಹಳೆಯ ಪತ್ರಗಳನ್ನು ವಸ್ತುವಿನಿಂದ ಅಗಲಿಸುವವನು, ಇವರು ಕೃತಕವನ್ನು ಮಾಡದಿದ್ದರೂ ನಿಜವನ್ನು ಕೃತಕದ ಸಾಲಿಗೆ ನೂಕುತ್ತಾರೆ. ಓಲೆಯ ಅಂಚಿನ ಬರಹವನ್ನು ಕತ್ತರಿಸಿ ಪಾಠವನ್ನು ಶುದ್ಧಗೊಳಿಸಿದೆನೆನ್ನುವ ಲಿಪಿಕಾರನಿಗೂ ಇವರಿಗೂ ಭೇದವಿಲ್ಲ. ಒಡೆಯನ ಹೆಸರು ಎಷ್ಟು ದೊಡ್ಡದೋ ಪ್ರಮಾಣವನ್ನು ಅಷ್ಟು ಹೆಚ್ಚಾಗಿ ಕೇಳುವುದೂ, ಮೂರನೆಯ ಸಾಧ್ಯವು ಸಿದ್ಧಿಸದಾಗ ಎರಡನೆಯದರಲ್ಲಿಯೇ ತೃಪ್ತಿಪಡುವುದೂ ಪರೀಕ್ಷಕನ ಧರ್ಮ. ‘ಟಿಪ್ಪುವಿನ ಕಾಲದ ಖಡ್ಗ’ ಎಂಬ ಸತ್ಯವು ‘ಟಿಪ್ಪುವಿನ ಖಡ್ಗ’ ಎಂಬ ಸಂದೇಹಕ್ಕಿಂತ ಇತಿಹಾಸಕ್ಕೆ ಹೆಚ್ಚು ಉಪಕಾರಿಯಾದುದು.