ಡಬ್ಬಿಗೆ ಮೊದಲು ಧರೆ ನೋಡಿ

ಜಿಯೋಕ್ಯಾಶ್ ಆಟದ ನಿಯಮ ಕಲಿಯಲು ಐದು ನಿಮಿಷ ಸಾಕು. ಒಬ್ಬರು ನೀರು ಹೋಗದ ಡಬ್ಬಿಯಲ್ಲಿ ಸಹಿ ಪುಸ್ತಕವಿಟ್ಟು ಎಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ಇನ್ನೊಬ್ಬರು ಜಿಪಿಎಸ್ ನೋಡಿಕೊಂಡು ಹೋಗಿ ಹುಡುಕಿ, ಸಹಿ ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕಾಗಿಸುವುದನ್ನು ಅಮೆರಿಕ ಸರ್ಕಾರ 2000ದ ಮೇ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದೇ ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಕಾಡಂಚಿನಲ್ಲಿ ಮೊದಲ ಡಬ್ಬಿ ಇಟ್ಟರು. ಇಷ್ಟು ಗೊತ್ತಾದರೆ ಆಡಬಹುದು, ಆದರೆ ಸವಿಯಲು ಇನ್ನಷ್ಟು ಬೇಕು. ಹೀಗೆ ಅಡಗಿಸಿಟ್ಟ ಒಂದು ಕ್ಯಾಶ್ ಒಳ್ಳೆಯದೇ ಎಂದು ಅಳೆಯಬೇಕಾದದ್ದು ಅದು ನಮ್ಮನ್ನು ಹೇಗೆ ನಡೆಸುತ್ತದೆ ಎಂಬುದರಿಂದ: ದಾರಿಯಲ್ಲಿ ಏನು ಕಾಣಿಸುತ್ತದೆ, ಯಾವುದನ್ನು ನಮ್ಮ ಕಾಲಿನಿಂದ ಉಳಿಸುತ್ತದೆ. ಕಾಡುಹೂಗಳ ಪಕ್ಕದಲ್ಲಿ ಈ ಎರಡನೆಯ ಗುಣವೇ ದೊಡ್ಡದು ಎಂಬುದು ನನ್ನ ವಾದ.

ಶೃಂಗೇರಿಯಿಂದ ಕೆರೆಕಟ್ಟೆ ಕಡೆಗೆ ತುಂಗೆಯ ಜೊತೆಗೇ ಸಾಗುವ ದಾರಿಯಲ್ಲಿರುವ ನೆಮ್ಮಾರಿನ ಆಸುಪಾಸನ್ನು ತೆಗೆದುಕೊಳ್ಳಿ. ಮಳೆಗಾಲದಲ್ಲಿ ಇಲ್ಲಿ ಒಸರು ನೀರು ಇಳಿಯುವ ಧರೆಗಳ ಮೇಲೆ ಕರ್ಣಕುಂಡಲ ಅರಳುತ್ತದೆ. ಹತ್ತಿರ ಬಗ್ಗಿ ನೋಡಿದರೆ ಹೂವಿನ ಹಿಂದೆ ಬಾಲದಂತೆ ಬಾಗಿದ ಸಣ್ಣ ಕೊಳವೆ ಕಾಣುತ್ತದೆ. ಮಕರಂದ ಇರುವುದು ಅಲ್ಲಿ. ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಸಿಪ್ಪೆ ಸುರುಳಿಯಾಗಿ ಸಿಡಿದು ಬೀಜ ಚಿಮ್ಮುತ್ತದೆ, ಆದರೆ ಬಹಳ ದೂರ ಹೋಗುವುದಿಲ್ಲ. ಅದಕ್ಕೇ ಈ ಗಿಡಗಳು ಒಂದೇ ಧರೆಯಲ್ಲಿ ಗುಂಪುಗಟ್ಟಿ ನಿಲ್ಲುವುದು. ಹಲವು ಜಾತಿಯವು ಮಳೆ ಕಳೆದ ಮೇಲೆ ಸಾಯುತ್ತವೆ. ಮುಂದಿನ ವರ್ಷದ ಹೂವಿಗೆ ಈ ವರ್ಷ ಅಲ್ಲೇ ಬಿದ್ದ ಬೀಜವೇ ಆಧಾರ. ಕಾಯಿ ಬಲಿಯುವ ಮೊದಲೇ ತುಳಿತಕ್ಕೆ ಸಿಕ್ಕ ಗುಂಪು ಮರುವರ್ಷವೂ ಸೊರಗುತ್ತದೆ. ಈಗ ಲೆಕ್ಕ ನೋಡಿ. ಬಯಲಿನಲ್ಲಿ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರ್ ತಪ್ಪಬಹುದು. ದಟ್ಟ ಮರಗಳ ಕೆಳಗೆ, ಗುಡ್ಡದ ಮಗ್ಗುಲಲ್ಲಿ ಅದು 10 ಮೀಟರ್ ಆದರೂ ಆಶ್ಚರ್ಯವಿಲ್ಲ. 5 ಮೀಟರ್ ತಪ್ಪಿದರೆ ಹುಡುಕಬೇಕಾದ ನೆಲ ಸುಮಾರು 78 ಚದರ ಮೀಟರ್. 10 ಮೀಟರ್ ತಪ್ಪಿದರೆ 314. ಅಂಗೈಯಗಲದ ಡಬ್ಬಿಗಾಗಿ ಬಂದವರೆಲ್ಲ ಅಷ್ಟೂ ಹಳುವನ್ನು ತುಳಿದು ಕೆದಕುತ್ತಾರೆ.

ಹೀಗಾಗಿ ಹೊಸಬರು ಮೊದಲು ಮೆಚ್ಚಲು ಕಲಿಯಬೇಕಾದದ್ದು ಸುಳಿವಿನ ನಿಖರತೆಯನ್ನು. ಬಲ್ಲವರು ಹೂವಿನ ಧರೆಯನ್ನು ದಾರಿಯಲ್ಲೇ ಎದುರಾಗುವಂತೆ ಬಿಟ್ಟು, ಡಬ್ಬಿಯನ್ನು ಅದರಿಂದಾಚೆ, ಅನುಮತಿ ಪಡೆದು, ಮೋರಿಯ ಕಟ್ಟೆಯಂಥ ಗಟ್ಟಿ ಜಾಗದಲ್ಲಿ ಇಡುತ್ತಾರೆ; ಎಷ್ಟನೆಯ ಕಲ್ಲಿನ ಹಿಂದೆ ಎಂದು ಸುಳಿವಿನಲ್ಲೇ ಹೇಳುತ್ತಾರೆ. ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಇಳಿಯಬೇಕಿಲ್ಲ. ಹುಡುಕುವ ಕಷ್ಟಕ್ಕೊಂದು, ದಾರಿಯ ಕಷ್ಟಕ್ಕೊಂದು ಎಂದು ಪ್ರತಿ ಕ್ಯಾಶ್‌ಗೂ 1ರಿಂದ 5ರವರೆಗೆ ನಕ್ಷತ್ರ ಕೊಡುವ ಪದ್ಧತಿ ಇದೆ. ಹೂವಿರುವಲ್ಲಿ ಹುಡುಕುವ ಕಷ್ಟ ಒಂದೂವರೆ ದಾಟದಿದ್ದರೆ ಅದನ್ನು ಅಡಗಿಸಿದವರ ಸೋಮಾರಿತನ ಎನ್ನಬೇಡಿ, ಅದು ವಿವೇಕ. ಪುಸ್ತಕದ ಜೊತೆ ಪೆನ್ನಿನ ಬದಲು ಪೆನ್ಸಿಲ್ ಇದೆಯೇ ಎಂದೂ ನೋಡಿ. ಇಲ್ಲಿಯ ತೇವದಲ್ಲಿ ಶಾಯಿ ಹರಡುತ್ತದೆ, ಹಾಳೆಗೆ ಬೂಷ್ಟು ಹಿಡಿಯುತ್ತದೆ. ಡಬ್ಬಿಯಲ್ಲಿ ತಿಂಡಿ ಕಂಡರಂತೂ ಇಟ್ಟವರಿಗೆ ಕಾಡು ಗೊತ್ತಿಲ್ಲವೆಂದೇ ಅರ್ಥ, ವಾಸನೆಗೆ ಪ್ರಾಣಿಗಳು ಬರುತ್ತವೆ.

ಹುಡುಕಾಟವೇ ಇಲ್ಲದ ಮೇಲೆ ಆಟವೇನು ಉಳಿಯಿತು ಎಂಬ ಆಕ್ಷೇಪಕ್ಕೆ ಬಲವಿದೆ. ಅಡಗಿದ್ದು ಸಿಕ್ಕಾಗಿನ ಪುಳಕವೇ ಅನೇಕರನ್ನು, ಅದರಲ್ಲೂ ಮಕ್ಕಳನ್ನು, ಮನೆಯಿಂದ ಹೊರಡಿಸುತ್ತದೆ. ಆದರೆ ಕೈಯಿಂದ ಹುಡುಕುವುದನ್ನು ಕಣ್ಣಿಗೆ ವಹಿಸಬಹುದು. ಅಮೆರಿಕದ ಭೂವಿಜ್ಞಾನ ಸಂಘದ ಜೊತೆಗೂಡಿ 2004ರಲ್ಲಿ ಶುರುವಾದ ಅರ್ತ್‌ಕ್ಯಾಶ್‌ನಲ್ಲಿ ಡಬ್ಬಿಯೇ ಇರುವುದಿಲ್ಲ. ಸ್ಥಳಕ್ಕೆ ಹೋಗಿ ಬಂಡೆಯನ್ನೋ ನದಿಯ ತಿರುವನ್ನೋ ಗಮನಿಸಿ ಪ್ರಶ್ನೆಗೆ ಉತ್ತರ ಕಳಿಸಿದರೆ ಲೆಕ್ಕಕ್ಕೆ ಸೇರುತ್ತದೆ. ಹೂವಿನ ದಾರಿಗೂ ಇದೇ ಉಪಾಯ ಒಗ್ಗುತ್ತದೆ: ಕರ್ಣಕುಂಡಲ ದಾರಿಯ ಯಾವ ಬದಿಯ ಧರೆಯಲ್ಲಿ ಹೆಚ್ಚು, ಒಸರು ನಿಂತಲ್ಲಿ ಹೂವೂ ನಿಲ್ಲುತ್ತದೆಯೇ? ಉತ್ತರ ಹೇಳಲು ನಿಧಾನವಾಗಿ ನಡೆಯಲೇಬೇಕು, ಬರಿಯ ಸಹಿಗಾಗಿ ಓಡುವವರಿಗೆ ಅದು ಸಿಗದು. ನೆಮ್ಮಾರಿನಿಂದ ಮೇಲೆ, 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಹಾಗಿರುವಾಗ ಡಬ್ಬಿ ಅಡಗಿಸುವ ಮಾತೇ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಹೂವಿನ ಜಾಗವನ್ನು ಅಂಕಿಯಲ್ಲಿ ಬರೆದು ಲೋಕಕ್ಕೆ ಸಾರಿದರೆ ಕೀಳುವವರಿಗೂ ದಾರಿ ತೋರಿದಂತಾಗದೇ? ಸೀತಾಳೆಯ ವಿಷಯದಲ್ಲಿ ಈ ಭಯ ನಿಜ. ಮುಂಗಾರಿನ ಹೊತ್ತಿಗೆ ಮರದ ಮೇಲಿಂದ ದಂಡೆಯಂತೆ ಇಳಿಬೀಳುವ ಈ ಹೂವನ್ನು ಮುಡಿಯಲೆಂದು ಕೀಳುವವರಿದ್ದಾರೆ, ಬುಡಸಮೇತ ಕಿತ್ತು ಮನೆಗೆ ಒಯ್ಯುವವರೂ ಇದ್ದಾರೆ. ಮರಕ್ಕೆ ಬೇರು ಕಚ್ಚಿ ನಿಧಾನ ಬೆಳೆಯುವ ಗಿಡ ಅದು. ಒಮ್ಮೆ ಹೋದರೆ ಆ ಕೊಂಬೆ ಬಹುಕಾಲ ಬರಿದು. ಅಂಥ ಮರದ ಅಕ್ಷಾಂಶ ಕೊಟ್ಟ ಕ್ಯಾಶ್ ಎಷ್ಟೇ ಜಾಣತನದ್ದಾಗಿರಲಿ, ಅದಕ್ಕೆ ಮೆಚ್ಚುಗೆ ಸಲ್ಲದು. ಕರ್ಣಕುಂಡಲದ ಮಾತು ಬೇರೆ: ಕಿತ್ತ ಕೂಡಲೇ ಬಾಡುವ, ದಾರಿಯುದ್ದಕ್ಕೂ ಎಲ್ಲರಿಗೂ ಕಾಣುವ ಹೂವಿಗೆ ಗುಟ್ಟಿನಿಂದ ರಕ್ಷಣೆ ಸಿಗುವುದಿಲ್ಲ. ಅದರ ಶತ್ರು ಧರೆ ಕೆತ್ತುವ ಯಂತ್ರ ಮತ್ತು ಕಳೆನಾಶಕ. ಅಲ್ಲಿ ಹೂವಿತ್ತು ಎಂದು ತಿಂಗಳು, ಜಾಗ ಸಹಿತ ಬರೆದಿಟ್ಟ ದಾಖಲೆ ಇದ್ದರೆ, ರಸ್ತೆ ಅಗಲ ಮಾಡುವ ದಿನ ಕೇಳುವುದಕ್ಕೆ ಒಂದು ಆಧಾರವಾದರೂ ಇರುತ್ತದೆ. ಆದ್ದರಿಂದ ಸಹಿ ಪುಸ್ತಕ ಕೈಗೆ ಸಿಕ್ಕಾಗ ಹಿಂದಿನವರು ಬರೆದದ್ದನ್ನು ಓದಿ. ಹೆಸರು, ತಾರೀಕಿನ ಪಕ್ಕ ಆ ದಿನ ಅರಳಿದ್ದ ಹೂವನ್ನೂ ಯಾರಾದರೂ ಬರೆದಿದ್ದರೆ ನೀವೂ ಅದರ ಕೆಳಗೆ ನಿಮ್ಮ ಸಾಲು ಸೇರಿಸಿ.